ಬೋರ್ಡಿನ ಬೆನ್ನು

ನಮ್ಮಕ್ಕ ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯ ಸಣ್ಣ ಯಂತ್ರಗಳನ್ನು ರಿಪೇರಿ ಮಾಡುತ್ತಾ ಬಂದಿದ್ದಾಳೆ. ರೋಗಿಗೆ ಹನಿಹನಿಯಾಗಿ ಔಷಧಿ ಇಳಿಸುವ ಪಂಪು, ನಾಡಿ ಅಳೆಯುವ ಪೆಟ್ಟಿಗೆ, ಹೀಗೆ. ಯಂತ್ರ ಕೆಟ್ಟರೆ ಅವಳಿಗೆ ಸಿಟ್ಟು ಬರುವುದಿಲ್ಲ, ಮನುಷ್ಯರು ಕೆಟ್ಟರೆ ಬರುತ್ತದೆ. ನನಗೆ ಎರಡಕ್ಕೂ ಬರುತ್ತದೆ. ಅದಕ್ಕೇ ನಾನು ಮನೆಯ ಮುಂದಿನ ಅವಳ ಅಂಗಡಿಯಲ್ಲಿ ಬರೀ ಪತ್ರವ್ಯವಹಾರ ನೋಡಿಕೊಂಡಿದ್ದೇನೆ.

ಅವಳ ಬಲಗೈ ಅಂದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಬೋರ್ಡು. ಯಂತ್ರದೊಳಗಿನ ಎಲೆಕ್ಟ್ರಾನಿಕ್ ಚಿಪ್ಪುಗಳು ಒಂದಕ್ಕೊಂದು ಏನು ಹೇಳಿಕೊಳ್ಳುತ್ತಿವೆ ಎಂಬುದನ್ನು ಅದು ಕದ್ದು ಕೇಳಿ ಕಂಪ್ಯೂಟರಿನ ಪರದೆಗೆ ತಂದು ಹಾಕುತ್ತದೆ. ಎಲ್ಲಿ ಮಾತು ನಿಂತಿದೆಯೋ ಅಲ್ಲೇ ರೋಗ. ನಾವು ಅದನ್ನು ಚಾಡಿಕೋರ ಎನ್ನುತ್ತಿದ್ದೆವು. ಎಲ್ಲೋ ದೂರದಲ್ಲಿ ಕೂತ ಪುಣ್ಯಾತ್ಮನೊಬ್ಬ ಅದರ ನಕ್ಷೆಯನ್ನೂ ಪ್ರೋಗ್ರಾಮನ್ನೂ, ಯಾರು ಬೇಕಾದರೂ ಮಾಡಿಕೊಳ್ಳಲಿ, ತಿದ್ದಿಕೊಳ್ಳಲಿ ಎಂದು ಅಂತರ್ಜಾಲದಲ್ಲಿ ಇಟ್ಟಿದ್ದ. ಆಮೇಲೆ ಆರು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಅದರ ಮುಖ್ಯ ಚಿಪ್ಪಿನ ತಯಾರಿಕೆಯೇ ನಿಂತುಹೋಯಿತು. ಪುಟದ ತುಂಬ ಪ್ರಶ್ನೆಗಳು, ಉತ್ತರ ಕೊಡುವವರಿಗೆ ಗತಿಯಿಲ್ಲ.

ಉತ್ತರ ಕೊಡಲು ಶುರು ಮಾಡಿದ್ದು ಅಕ್ಕ. ಒಂದಕ್ಕೆ, ಎರಡಕ್ಕೆ, ಆಮೇಲೆ ಎಲ್ಲದಕ್ಕೂ. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ಎಲ್ಲರೂ ಅವಳನ್ನೇ ಕೇಳತೊಡಗಿದರು. ಹೊಸ ಚಿಪ್ಪಿಗೆ ತಕ್ಕಂತೆ ಇಡೀ ಬೋರ್ಡಿನ ನಕ್ಷೆಯನ್ನೇ ಹೊಸದಾಗಿ ಬರೆಯಬೇಕು ಎಂದಾದಾಗ ಮಾತ್ರ ಹಿಂದೆ ಸರಿದಳು.

“ಕೆಟ್ಟಿದ್ದನ್ನ ಸರಿಮಾಡೋದು ಬೇರೆ ಕಣೆ, ಇಲ್ಲದ್ದನ್ನ ಮಾಡೋದು ಬೇರೆ. ನಾನು ರಿಪೇರಿಯವಳು.”

ಈ ಮಾತು ಅವಳದಲ್ಲ. ಹಿಂದೆ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಗ ಅವಳು ಬರೆದುಕೊಂಡು ಹೋದ ಒಂದು ನಕ್ಷೆಯನ್ನು ಅಲ್ಲಿನ ದೊಡ್ಡ ಇಂಜಿನಿಯರ್ ನೋಡದೆಯೇ ವಾಪಸು ತಳ್ಳಿ, ರಿಪೇರಿಯವರು ರಿಪೇರಿ ಮಾಡಿಕೊಂಡಿರಲಿ ಎಂದು ಎಲ್ಲರೆದುರು ಅಂದಿದ್ದ. ಆ ಮನುಷ್ಯ ನಿವೃತ್ತನಾಗಿ ಹೋದರೂ ಅವನ ಮಾತು ನಮ್ಮ ಮನೆಯಲ್ಲೇ ಠಿಕಾಣಿ ಹೂಡಿತ್ತು. ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಕೇಳುವವರು ಬಿಡಲಿಲ್ಲ, ಕೊನೆಗೂ ಬರೆದಳು, ಏಳು ತಿಂಗಳು ಕೂತು. ಬೇರೆ ಬೇರೆ ಊರಿನ ನಲವತ್ತು ರಿಪೇರಿಯವರು ತಮಗೂ ಒಂದೊಂದು ಬೇಕೆಂದರು. ಅವರ ಮೇಜುಗಳ ಮೇಲೂ ಯಂತ್ರಗಳು ಬಾಯಿ ತೆರೆದುಕೊಂಡು ಕಾಯುತ್ತಿದ್ದವು. ತಿಂಗಳ ಕೊನೆಗೆ ಕಳಿಸುತ್ತೇನೆಂದು ಅಕ್ಕ ಮಾತು ಕೊಟ್ಟಳು. ನನಗೆ ಮಾತ್ರ ಇನ್ನೊಂದು ಮಾತು ಹೇಳಿದಳು.

“ಇದು ಓಡಲಿಲ್ಲ ಅಂದ್ರೆ ನಾನಿನ್ನು ಜನ್ಮದಲ್ಲಿ ಬೋರ್ಡು ಬರೆಯಲ್ಲ. ಅವನಂದಿದ್ದೇ ನಿಜ ಅಂದ್ಕೋತೀನಿ.”

ನಕ್ಷೆ ಕಳಿಸಿ ಕಾರ್ಖಾನೆಯಲ್ಲಿ ಮಾಡಿಸಿದ ಬೋರ್ಡುಗಳು ಬಂದದ್ದು ಶನಿವಾರ ಬೆಳಿಗ್ಗೆ, ತಿಂಗಳು ಮುಗಿಯಲು ಐದು ದಿನ ಇರುವಾಗ. ಚಿಪ್ಪುಗಳನ್ನೆಲ್ಲ ಕಾರ್ಖಾನೆಯವರೇ ಕೂರಿಸಿದ್ದರು. ತಂತಿ ಸಿಕ್ಕಿಸುವ ಹತ್ತು ಕಾಲಿನ ಕನೆಕ್ಟರನ್ನು ಮಾತ್ರ ನಾವು ಬೆಸೆಯಬೇಕಿತ್ತು. ಅಕ್ಕ ಒಂದಕ್ಕೆ ಬೆಸೆದು ಗುಜರಿ ಪಂಪೊಂದಕ್ಕೆ ಸಿಕ್ಕಿಸಿದಳು. ಪರದೆ ಖಾಲಿ. ಎರಡನೆಯದೂ ಖಾಲಿ. ಮೂರನೆಯದೂ ಹಾಗೇ. ನಕ್ಷೆ ತೆರೆದು ನೋಡುತ್ತಾ ನೋಡುತ್ತಾ ಅವಳ ಮುಖ ಬಿಳಿಚಿಕೊಂಡಿತು.

“ಕನ್ನಡಿಯಲ್ಲಿ ನೋಡಿದ ಹಾಗೆ ಬರೆದುಬಿಟ್ಟಿದೀನಿ ಕಣೆ. ಎಡಗಡೆ ಇರಬೇಕಾದ ಕಾಲೆಲ್ಲ ಬಲಗಡೆ. ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತು.”

ನಕ್ಷೆ ಬರೆಯುವವರು ಬೋರ್ಡನ್ನು ಮುಖದ ಕಡೆಯಿಂದ ಬರೆಯುತ್ತಾರೆ. ರಿಪೇರಿಯವರು ಅದನ್ನು ನೋಡುವುದೇ ಮಗುಚಿ, ಬೆಸುಗೆ ಇರುವ ಬೆನ್ನ ಕಡೆಯಿಂದ. ಇಪ್ಪತ್ತೆರಡು ವರ್ಷ ಬೆನ್ನನ್ನೇ ನೋಡಿದ ಕಣ್ಣು ಕನೆಕ್ಟರನ್ನೂ ಹಾಗೇ ಬರೆದಿತ್ತು. ಕಾಲೇಜಿನಲ್ಲಿ ಓದಿದ ಇಂಜಿನಿಯರ್ ಯಾರೂ ಇಂಥ ತಪ್ಪು ಮಾಡುತ್ತಿರಲಿಲ್ಲ, ಒಪ್ಪಲೇಬೇಕು. ನನಗಂತೂ ಆ ನಿವೃತ್ತ ಮಹಾಶಯ ಬಾಗಿಲಲ್ಲೇ ನಿಂತು ನಗುತ್ತಿದ್ದಾನೆ ಅನ್ನಿಸಿತು.

ಅಮ್ಮ ಒಳಗಿನಿಂದ ಬಂದು, ವಿಷಯ ಪೂರ್ತಿ ತಿಳಿಯದೆಯೇ, “ತಪ್ಪಿದ್ರೆ ಬಿಚ್ಚಿ ಹಾಕು. ನಾನು ಸ್ವೆಟರ್ ಬಿಚ್ಚಿ ಹಾಕಲ್ವಾ?” ಎಂದಳು. ಅಕ್ಕ ನಗಲಿಲ್ಲ. ಆದರೂ ಬೆಸುಗೆ ಕಡ್ಡಿ ಬಿಸಿಮಾಡಿ, ಕನೆಕ್ಟರ್ ಕೀಳಲು ಬೋರ್ಡನ್ನು ಮಗುಚಿದಳು. ಮಗುಚಿದವಳು ಹಾಗೇ ಕೂತುಬಿಟ್ಟಳು.

ಆ ಕಡೆಯಿಂದ ಎಲ್ಲವೂ ಸರಿಯಿತ್ತು. ಕಾಲುಗಳ ತೂತು ಈ ಕಡೆಯಿಂದ ಆ ಕಡೆಗೆ ಕೊರೆದದ್ದು ತಾನೆ. ಕನೆಕ್ಟರನ್ನು ಮುಖದ ಬದಲು ಬೆನ್ನಿಗೆ ಕೂರಿಸಿದರೆ ಎಡ ಎಡಕ್ಕೇ, ಬಲ ಬಲಕ್ಕೇ. ನಾಲ್ಕನೆಯದಕ್ಕೆ ಹಾಗೆ ಬೆಸೆದಳು. ಪಂಪಿಗೆ ಸಿಕ್ಕಿಸಿದ್ದೇ ತಡ, ಪರದೆಯ ಮೇಲೆ ಸಾಲು ಸಾಲು ಅಕ್ಷರ ಸುರಿಯಿತು.

ಅಕ್ಕ ಅತ್ತಳು. ಸುಳ್ಳು ಯಾಕೆ, ನಾನೂ ಅತ್ತೆ. ಎದೆಯ ಮೇಲಿನ ಬಂಡೆ ಇಳಿದಂತಾಗಿ, ಇಬ್ಬರೂ ಹೊಟ್ಟೆತುಂಬ ಉಂಡು ಮಧ್ಯಾಹ್ನ ಪೂರ್ತಿ ನಿದ್ದೆ ಹೊಡೆದೆವು.

ತಪ್ಪಾಗಿ ಬೆಸೆದ ಮೂರನ್ನೂ ಬಿಚ್ಚಿ ಸರಿಮಾಡಿ, ನಲವತ್ತನ್ನೂ ಹೇಳಿದ ದಿನಕ್ಕೇ ಕಳಿಸಿದೆವು. ಬೇಕಂತಲೇ ಹೀಗೆ ಮಾಡಿದ್ದು ಎಂದು ಬರೆದರಾಯಿತು ಎಂದು ಸಲಹೆ ಕೊಟ್ಟು ನಾನು ಬೈಸಿಕೊಂಡೆ. ನಕ್ಷೆಯಲ್ಲಿ ತಪ್ಪಾಗಿದೆ, ತಪ್ಪು ನನ್ನದು, ಕನೆಕ್ಟರ್ ಬೆನ್ನ ಕಡೆಗಿದೆ ಎಂದು ಪ್ರತಿಯೊಂದರ ಜೊತೆಗೂ ಚೀಟಿ ಇಡಿಸಿದಳು.

ಎರಡು ವಾರಕ್ಕೆ ಉತ್ತರಗಳು ಬಂದವು. ಬೋರ್ಡು ಈಗ ಯಂತ್ರದ ಮೇಲೆ ನೆಟ್ಟಗೆ ಕೂರುತ್ತದೆ, ತಂತಿ ಅಡ್ಡ ಬಾರದೆ ಅದರ ದೀಪಗಳು ಕಾಣುತ್ತವೆ, ದಯವಿಟ್ಟು ಮುಂದಿನ ಸಲ ಸರಿಮಾಡಬೇಡಿ! ಒಂದು ದಿನ ಹೊಸಬನೊಬ್ಬ ಪುಟದಲ್ಲಿ ಕೇಳಿದ್ದ: ಕನೆಕ್ಟರ್ ಬೆನ್ನಿಗಿರುವುದು ಬಹಳ ಅನುಕೂಲ, ಈ ಬೋರ್ಡು ಬರೆದ ಇಂಜಿನಿಯರ್ ಯಾರು?

“ಏನಂತ ಹಾಕ್ಲಿ?” ಎಂದು ಕೇಳಿದೆ.

ಅಕ್ಕ ಯಾವುದೋ ಪಂಪಿನ ತಿರುಪು ಬಿಗಿಯುತ್ತಿದ್ದಳು. ಅದನ್ನು ಮುಗಿಸಿಯೇ ಮಾತಾಡಿದಳು.

“ಇಂಜಿನಿಯರ್ ಅಲ್ಲ, ರಿಪೇರಿಯವಳು ಅಂತ ಹಾಕು. ಬರೆದಿದ್ದು ನಾನೇ ಅಂತ್ಲೂ ಹಾಕು.”