ತಾಡಪತ್ರಿಯ ನಾಲ್ಕು ಮೂಲೆ

ನನ್ನ ಕಾಕಾನ ಮಗ ನನಗಿಂತ ಹನ್ನೊಂದು ತಿಂಗಳು ದೊಡ್ಡವನು. ಆ ಹನ್ನೊಂದು ತಿಂಗಳ ಸಲುವಾಗಿ ಜನ್ಮವಿಡೀ ಅವನನ್ನು ಅಣ್ಣಾ ಎಂದು ಕರೆಯುವ ಪಾಳಿ ನನ್ನದಾಯಿತು. ಸಾಲೆಯಲ್ಲಿ ಅವನ ಅಕ್ಷರ ದುಂಡಗೆ, ನನ್ನವು ಕಾಲು ಮುರಿದುಕೊಂಡು ಬಿದ್ದಂತೆ. ಇಬ್ಬರ ಹೊಲಕ್ಕೂ ಒಂದೇ ಬದು, ಆದರೆ ಅವನ ಕಬ್ಬು ನನ್ನ ಕಬ್ಬಿಗಿಂತ ಒಂದು ಗೆಣ್ಣು ಉದ್ದ. ನಾನು ಹೊಟ್ಟೆಕಿಚ್ಚಿನ ಮನುಷ್ಯ. ಈ ವಯಸ್ಸಿನಲ್ಲಿ ಇದನ್ನು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆಗ ಮಾತ್ರ ಅದಕ್ಕೆ ಸ್ವಾಭಿಮಾನ ಎಂಬ ಹೆಸರಿಟ್ಟುಕೊಂಡಿದ್ದೆ.

ತೊಂಬತ್ತರ ದಶಕದ ನಡುವೆ ಅವನು ಒಂದು ಪಿಕಪ್ ಗಾಡಿ ತಂದ. ಅದೇ ತಿಂಗಳು ನಾನೂ ತಂದೆ. ಉಗಾರ ಖುರ್ದದ ಹತ್ತಿರ ನಮ್ಮೂರು. ಅಲ್ಲಿಂದ ಮಿರಜಿನ ಪೇಟೆಗೆ ದ್ರಾಕ್ಷಿ, ಬೆಲ್ಲ, ತರಕಾರಿ ಹೇರುವುದು ನಮ್ಮಿಬ್ಬರ ಕೆಲಸ. ಗಾಡಿ ಒಂದೇ ಕಂಪನಿಯದು, ಬಣ್ಣವೂ ಒಂದೇ. ಇಷ್ಟಾದರೂ ಜನ ದೂರದಿಂದಲೇ ಇದು ಅವನದು, ಇದು ನನ್ನದು ಎಂದು ಗುರುತು ಹಿಡಿಯುತ್ತಿದ್ದರು. ಅವನ ಗಾಡಿಯ ಹಿಂದೆ ಕಬ್ಬಿಣದ ಕಮಾನುಗಳ ಮೇಲೆ ಹಸಿರು ಕ್ಯಾನ್ವಾಸಿನ ಹೊದಿಕೆ, ನಮ್ಮ ಕಡೆಯ ಮಾತಿನಲ್ಲಿ ತಾಡಪತ್ರಿ, ಬಿಗಿಯಾಗಿ ಕೂತಿರುತ್ತಿತ್ತು. ಒಂದು ಸುಕ್ಕಿಲ್ಲ, ಒಂದು ಹಗ್ಗ ಜೋತು ಬಿದ್ದದ್ದಿಲ್ಲ. ನನ್ನ ಗಾಡಿ ಬೋಳು. ಮಳೆ ಬಂದರೆ ಗೊಬ್ಬರದ ಚೀಲ ಹರಿದು ಹೊಲಿದ ಒಂದು ಹೊದಿಕೆ ಎಳೆಯುತ್ತಿದ್ದೆ.

"ನಿಮ್ಮ ಅಣ್ಣಾರ ಗಾಡ್ಯಾಗ ಬಂದ ದ್ರಾಕ್ಷಿ ಮ್ಯಾಲ ಧೂಳಾ ಇರೂದಿಲ್ಲ ನೋಡ್ರಿ" ಎಂದು ಮಿರಜಿನ ದಲಾಲ ನನ್ನ ಎದುರಿಗೇ ಹೇಳುತ್ತಿದ್ದ. ನಾನು ನಗುತ್ತಿದ್ದೆ. ಮನೆಗೆ ಬಂದು ಊಟದ ತಾಟಿನ ಮುಂದೆ ಸಿಡುಕುತ್ತಿದ್ದೆ. ನನ್ನ ಹೆಂಡತಿಗೆ ಎಲ್ಲ ಗೊತ್ತಾಗುತ್ತಿತ್ತು. ಓಣಿಯಲ್ಲಿ ಅವನ ಗಾಡಿ ನಿಂತಾಗ ನಾನು ಕಟ್ಟೆಯ ಮೇಲೆ ಕೂತು ಅದನ್ನೇ ನೋಡುವುದನ್ನು ಅವಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಒಂದು ದಿನ ಹೇಳಿಯೇ ಬಿಟ್ಟಳು: "ಗಾಡಿದು ಆಮ್ಯಾಲ ನೋಡೂಣು. ಮೊದಲ ನಿಮ್ಮ ಕಣ್ಣಿಗೆ ಒಂದ ತಾಡಪತ್ರಿ ಹೊಚ್ಚರಿ."

ಆ ವರ್ಷ ಬೇಸಿಗೆಯ ಕೊನೆಗೆ ಮುನಿಸಂಘ ನಮ್ಮ ಕಡೆ ಬರುವುದೆಂದು ಗೊತ್ತಾಯಿತು. ನಾವು ಜೈನರು. ದಿಗಂಬರ ಮುನಿಗಳನ್ನು ನಮ್ಮ ಕಡೆ ಮಹಾರಾಜರು ಎನ್ನುತ್ತಾರೆ. ಅವರು ಊರಿಂದೂರಿಗೆ ನಡೆದೇ ಹೋಗುತ್ತಾರೆ, ದಿನಕ್ಕೆ ಒಂದೇ ಸಲ ಆಹಾರ ತೆಗೆದುಕೊಳ್ಳುತ್ತಾರೆ. ಅವರ ಆಹಾರಕ್ಕಾಗಿ ಮಡಿಯಿಂದ ನಡೆಸುವ ಅಡುಗೆಗೆ ಚೌಕಾ ಎಂದು ಹೆಸರು. ಚೌಕಾದ ಹಿಟ್ಟು, ತುಪ್ಪ, ಕಾಳು, ಹಿತ್ತಾಳೆ ಪಾತ್ರೆ, ಒಗೆದಿಟ್ಟ ಬಟ್ಟೆ ಎಲ್ಲವೂ ಒಂದು ಗಾಡಿಯಲ್ಲಿ ಮುಂದಿನ ಊರಿಗೆ ಹೋಗಬೇಕು. ಆ ಗಾಡಿ ಯಾರದೋ ಅವರ ಭಾಗ್ಯ. ಹಿಂದಿನ ಎರಡು ಸಲವೂ ಅದು ಅಣ್ಣನ ಗಾಡಿಯೇ ಆಗಿತ್ತು.

ಬಸದಿಯಲ್ಲಿ ಹಿರಿಯರು ಕೂಡಿದಾಗ ನಾನು ಬಾಯಿಬಿಟ್ಟು ಕೇಳಿದೆ, ಈ ಸಲ ನನ್ನ ಗಾಡಿ ಆಗಲಿ ಎಂದು. ಎಲ್ಲರಿಗಿಂತ ಹಿರಿಯರು ಗಡ್ಡ ಕೆರೆದುಕೊಂಡು, "ಚೌಕಾದ ಸಾಮಾನ ಬೋಳ ಗಾಡ್ಯಾಗ ಒಯ್ಯಾಕ ಬರೂದಿಲ್ಲೋ ತಮ್ಮಾ. ಚಲೋ ತಾಡಪತ್ರಿ ಮಾಡಿಸಿದಿ ಅಂದ್ರ ನೋಡೂಣು" ಅಂದರು.

ಅಣ್ಣ ಅಲ್ಲಿಯೇ ಕಂಬಕ್ಕೆ ಒರಗಿ ಕೂತಿದ್ದ. "ಮಾಡಸ್ತಾನ ಬಿಡ್ರಿ. ಈ ಸಲ ಅವನೇ ಒಯ್ಯಲಿ" ಅಂದ.

ತನ್ನ ಎಲೆಯಿಂದ ಎತ್ತಿ ನನಗೆ ಬಡಿಸಿದಂತೆ ಇತ್ತು ಆ ಮಾತು. ಮೈಯೆಲ್ಲ ಉರಿದುಹೋಯಿತು.

ಅವನ ತಾಡಪತ್ರಿ ನಿಪ್ಪಾಣಿಯ ಒಬ್ಬ ದರ್ಜಿಯ ಕೈಯಲ್ಲಿ ಹೊಲಿಸಿದ್ದು. ಹಾಗಾಗಿ ನಿಪ್ಪಾಣಿ ಒಂದನ್ನು ಬಿಟ್ಟು ಎಲ್ಲ ಊರಿಗೂ ಹೋದೆ. ಅಥಣಿಯಲ್ಲಿ ನೀಲಿ ಪ್ಲಾಸ್ಟಿಕ್ಕಿನದು ಹೊಸದಾಗಿ ಬಂದಿತ್ತು. ಹಗುರ, ಅಗ್ಗ, ಗಾಳಿಗೆ ಪಟಪಟ ಬಡಿದುಕೊಳ್ಳುವಂಥದ್ದು. ಒಂದು ಬೇಸಿಗೆ ಬಿಸಿಲು ಕುಡಿದರೆ ಹಪ್ಪಳದಂತೆ ಪುಡಿಯಾಗುತ್ತದೆಂದು ಅಂಗಡಿಯಿಂದ ಹೊರಬಿದ್ದ ಒಬ್ಬ ಗಿರಾಕಿಯೇ ಹೇಳಿದ. ರಾಯಬಾಗದ ಸಂತೆಯಲ್ಲಿ ಮಿಲಿಟರಿ ಮಾಲು ಎಂದು ಒಬ್ಬ ಮಾರುತ್ತಿದ್ದ. ಎತ್ತಿ ಬಿಸಿಲಿಗೆ ಹಿಡಿದರೆ ತೂತುಗಳಲ್ಲಿ ಹಗಲಲ್ಲೇ ಚಿಕ್ಕೆ ಕಂಡವು. ಚಿಕ್ಕೋಡಿಯಲ್ಲಿ ತಯಾರು ಮಾಲಿತ್ತು, ಖಾಕಿ ಬಣ್ಣ, ನೋಟಕ್ಕೆ ಚೆಂದ. ಆದರೆ ಹಗ್ಗ ಪೋಣಿಸುವ ರಿಂಗುಗಳು ತಗಡಿನವು. ಎರಡು ಮಳೆಗೆ ತುಕ್ಕು ಹಿಡಿದು ಅರಿವೆಗೆ ಕಲೆ ಹತ್ತುವುದು ಖಾತ್ರಿ. ಅಣ್ಣನದಕ್ಕೆ ಹಿತ್ತಾಳೆ ರಿಂಗು. ಪ್ರತಿ ಅಂಗಡಿಯಲ್ಲೂ ನಾನು ಅರಿವೆಯನ್ನು ತಿಕ್ಕಿ, ಮೂಸಿ, ಜಗ್ಗಿ ನೋಡುತ್ತಿದ್ದೆನಾದರೂ ನಿಜಕ್ಕೂ ನೋಡುತ್ತಿದ್ದದ್ದು ಅವನ ತಾಡಪತ್ರಿಯನ್ನೇ. ಯಾವುದೂ ಅದರ ಸಮಕ್ಕೆ ಬರಲಿಲ್ಲ. ಕಡೆಗೆ ಮೂಗು ಮುಚ್ಚಿಕೊಂಡು ನಿಪ್ಪಾಣಿಗೇ ಹೋದೆ.

ದರ್ಜಿ ಮುದುಕ. ತಂಬಾಕು ತುಂಬಿಡುವ ವಖಾರಿಗಳಿಗೆ ತಾಡಪತ್ರಿ ಹೊಲಿದೇ ಬೆನ್ನು ಬಾಗಿಸಿಕೊಂಡವನು. ನನ್ನ ಊರು ಕೇಳಿದವನೇ, "ನಿಮ್ಮೂರಿಗೆ ಹಸರದೊಂದು ಹೊಲದ ಕೊಟ್ಟೇನ್ರಿ" ಅಂದ.

"ಗೊತ್ತೈತಿ. ಅದಕ್ಕಿಂತ ಚಲೋ ಆಗಬೇಕು ನಂದು."

ಅವನು ಮೇಣ ಹಾಕಿದ ದಪ್ಪನೆಯ ಖಾಕಿ ಅರಿವೆ ಬಿಚ್ಚಿ ಹಾಸಿದ. "ಅರಿವಿ ಇದಕ್ಕಿಂತ ಚಲೋದು ಸಿಗೂದಿಲ್ಲ. ತಾಡಪತ್ರಿ ಹರಿಯೂದು ನಡುವ ಅಲ್ರಿ, ಮೂಲಿಗೆ. ಹಗ್ಗದ ಜಗ್ಗಾಟ ಎಲ್ಲಾ ಮೂಲಿ ಮ್ಯಾಲ. ಒಳಗ ಒಂದ ತೊಗಲಿನ ತುಂಡ ಇಟ್ಟ ಹೊಲದ್ರ ಮುಗೀತು. ನಿಮ್ಮೂರಿನವರು ಬ್ಯಾಡ ಅಂದ್ರು. ನಾಕ ಮಡಿಕಿ ಅರಿವಿ ಹಾಕಿ ಹೊಲೀರಿ ಅಂದ್ರು. ಎರಡ ವರ್ಷಕ್ಕ ಹರೀತಾವ ಅವು, ಬರದ ಇಟ್ಕೋರಿ."

"ತೊಗಲ ಹಾಕಿದ್ರ?"

"ನಾವು ನೀವು ಹೋದ ಮ್ಯಾಲೂ ಮೂಲಿ ಇರತಾವು. ಹೊರಗ ಕಾಣೂದಿಲ್ಲ."

ಜೈನರ ಮನೆಯಲ್ಲಿ ಹುಟ್ಟಿದವನಿಗೆ ಇದರಲ್ಲಿ ತಿಳಿಯದ್ದು ಏನೂ ಇಲ್ಲ. ಮಹಾರಾಜರ ಮುಂದೆ ಹೋಗುವಾಗ ತೊಗಲಿನವೆಂದು ಸೊಂಟದ ಪಟ್ಟಾ, ಕಿಸೆಯ ಪಾಕೀಟು ತೆಗೆದಿಟ್ಟು ಹೋಗುವ ಜನ ನಾವು. ಅವರ ಅನ್ನದ ಮೇಲೆ ತೊಗಲು ಹೊಚ್ಚುವ ಮಾತನ್ನು ಕನಸಿನಲ್ಲಿಯೂ ಆಡುವುದಿಲ್ಲ. ಆದರೆ ಅವತ್ತು ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು, ಅವನವು ಎರಡು ವರ್ಷಕ್ಕೆ ಹರಿಯುತ್ತವೆ. "ಹಾಕ್ರಿ" ಅಂದೆ.

ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ನಾನೇ ವಕೀಲನಾದೆ. ಡಬ್ಬಿಗಳಿಗೆ ಮುಚ್ಚಳ ಇರುತ್ತದೆ. ಟ್ರಂಕಿಗೆ ಬೀಗ ಇರುತ್ತದೆ. ತೊಗಲು ಅರಿವೆಯ ಒಳಗಿದೆ, ಯಾವುದಕ್ಕೂ ತಾಗುವುದಿಲ್ಲ. ಮನೆಗೆ ಮುಟ್ಟುವಷ್ಟರಲ್ಲಿ ಆ ತೊಗಲನ್ನು ಮರೆತೇಬಿಟ್ಟವನ ಹಾಗಿದ್ದೆ.

ಹಿರಿಯರು ಗಾಡಿ ನೋಡಲು ಬಂದರು. ಅರಿವೆ ತಿಕ್ಕಿ ನೋಡಿದರು, ರಿಂಗು ಎಣಿಸಿದರು. ಆಮೇಲೆ ಪ್ರತಿಸಲ ಕೇಳುವ ಪ್ರಶ್ನೆ ಕೇಳಿದರು.

"ಗಾಡ್ಯಾಗ ತೊಗಲಿಂದು ಏನೂ ಇಲ್ಲಲ್ಲ?"

"ಇಲ್ರಿ" ಅಂದೆ.

ಅಣ್ಣ ತಾಡಪತ್ರಿಯ ಸುತ್ತ ಒಂದು ಸುತ್ತು ಹಾಕಿ, "ನಂದಕ್ಕಿಂತ ಚಲೋ ಆಗೈತಿ" ಅಂದ. ಎಷ್ಟು ವರ್ಷಗಳಿಂದ ಆ ಮಾತು ಕೇಳಲು ಕಾದಿದ್ದೆನೋ ನನಗೇ ಗೊತ್ತು. ಕೇಳಿದ ಮೇಲೂ ಸಮಾಧಾನವಾಗಲಿಲ್ಲ. ಅವನು ಅದನ್ನು ಹೇಳುವಾಗ ಸ್ವಲ್ಪವಾದರೂ ಸಂಕಟಪಡಬೇಕಿತ್ತು, ಪಡಲಿಲ್ಲ.

ಕಾಗವಾಡದಿಂದ ಅಥಣಿಯ ಕಡೆಗೆ ಮುನಿಗಳ ಕಾಲ್ನಡಿಗೆಯ ವಿಹಾರ ಹೊರಟಿತು. ಚೌಕಾದ ಸಾಮಾನು ನನ್ನ ಗಾಡಿಯಲ್ಲಿ. ಜೊತೆಗೆ ಹೊರಟ ವಯಸ್ಸಾದ ಹೆಣ್ಣುಮಕ್ಕಳ ಹಾಸಿಗೆ ಗಂಟುಗಳು ಅಣ್ಣನ ಗಾಡಿಯಲ್ಲಿ. ಊರೂರಲ್ಲಿ ಜನ ನನ್ನ ಗಾಡಿಗೆ ಕೈಮುಗಿದರು. ಕನ್ನಡಿಯಲ್ಲಿ ಹಿಂದೆ ಬರುವ ಅವನ ಗಾಡಿ ನೋಡುತ್ತ ಓಡಿಸುವುದರಲ್ಲಿ ನನಗೆ ಸಿಕ್ಕ ಸುಖ ಪುಣ್ಯದ್ದಂತೂ ಆಗಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ರೋಹಿಣಿ ಮಳೆ ಹಿಡಿಯಿತು. ಮಹಾರಾಜರು ಆಗಲೇ ಒಂದು ಊರಿನ ಸಾಲೆ ಸೇರಿದ್ದರು. ಹೆಣ್ಣುಮಕ್ಕಳೂ ಸಾಲೆಯ ಪಡಸಾಲೆಯಲ್ಲಿ ನಿಂತಿದ್ದರು. ಅಂಗಳದಲ್ಲಿ ನಮ್ಮ ಎರಡು ಗಾಡಿ. ಗಾಳಿಗೆ ನನ್ನ ತಾಡಪತ್ರಿಯ ಒಂದು ಹಗ್ಗ ಬಿಚ್ಚಿಕೊಂಡಿತು. ನಾನು ಒಂದು ಕಡೆಯಿಂದ ಓಡಿದೆ, ಅಣ್ಣ ಇನ್ನೊಂದು ಕಡೆಯಿಂದ ಓಡಿ ಬಂದು ಮೂಲೆ ಹಿಡಿದ. ಹಗ್ಗ ಬಿಗಿಯುತ್ತಿದ್ದವನು ನಿಂತುಬಿಟ್ಟ. ಹೆಬ್ಬೆರಳಿನಿಂದ ಮೂಲೆಯನ್ನು ಒತ್ತಿದ. ಇನ್ನೊಮ್ಮೆ ಒತ್ತಿದ. ಮೂಗಿನ ಹತ್ತಿರ ಒಯ್ದು ನೋಡಿದ. ತೊಯ್ದ ತೊಗಲಿನ ವಾಸನೆ ಯಾವ ಅರಿವೆಯಿಂದಲೂ ಮುಚ್ಚುವುದಿಲ್ಲ. ಮೇಲಾಗಿ ನಿಪ್ಪಾಣಿಯ ದರ್ಜಿ ಮೂಲೆಯೊಳಗೆ ಏನಿಡುತ್ತಾನೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ನನ್ನ ಮುಖ ನೋಡಿದ. ನಾನು ಹಗ್ಗ ನೋಡಿದೆ.

ಅವನು ಗಾಡಿ ಹತ್ತಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಮಳೆಯಲ್ಲಿ ತೊಯ್ದ ಕೈಯನ್ನು ಮೊಣಕೈತನಕ ಹಿಟ್ಟಿನಲ್ಲಿ ಇಳಿಸಿದ. ಆಮೇಲೆ ಪಡಸಾಲೆಯ ಕಡೆ ತಿರುಗಿ ಕೂಗಿದ: "ಅಕ್ಕಾರ, ತಾಡಪತ್ರಿ ಸೋರಾಕತ್ತೈತಿ. ಹಿಟ್ಟಿಗೆ ನೀರ ಹತ್ತೇತಿ. ಇದು ಆಹಾರಕ್ಕ ನಡ್ಯೂದಿಲ್ಲ, ಹೊಸಾದ ಬೀಸಬೇಕು. ಭಾಂಡೆ ಅರಿವಿ ಎಲ್ಲಾ ಮತ್ತೊಮ್ಮೆ ತೊಳೀರಿ."

ಮಳೆ ಸಣ್ಣಗಾದಾಗ ಎಲ್ಲ ಕೆಳಗಿಳಿಯಿತು. ಪಾತ್ರೆಗಳು ಬಾವಿಗೆ ಹೋದವು, ಆ ಊರಿನವರು ಬೇರೆ ಗೋಧಿ, ಬೇರೆ ತುಪ್ಪ ತಂದರು, ಬೀಸುವ ಕಲ್ಲು ಶುರುವಾಯಿತು. ಮರುದಿನದಿಂದ ಚೌಕಾದ ಸಾಮಾನು ಅವನ ಗಾಡಿಗೆ, ಹಾಸಿಗೆ ಗಂಟುಗಳು ನನ್ನದಕ್ಕೆ.

ಜೊತೆಗೆ ಬಂದಿದ್ದ ಬಸದಿಯ ಹಿರಿಯರು ನನ್ನ ಹೆಗಲ ಮೇಲೆ ಕೈಯಿಟ್ಟು, "ಹೊಸಾ ತಾಡಪತ್ರಿ ಸೋರತೈತೇನೋ. ನಿಪ್ಪಾಣ್ಯಾಂವ ನಿನಗ ಟೋಪಿ ಹಾಕ್ಯಾನ" ಅಂದರು.

"ಹೌದ್ರಿ" ಅಂದೆ.

ಒಂದು ಹನಿಯೂ ಸೋರಿರಲಿಲ್ಲ. ಅಂಥ ಅರಿವೆ ಅದು. ಮರುದಿನ ಮತ್ತೆ ಮಳೆ ಬಂದಾಗ ಹಾಸಿಗೆ ಗಂಟುಗಳು ಒಣಗಿದ್ದ ಹಾಗೇ ಮುಂದಿನ ಊರು ಮುಟ್ಟಿದವು. ಒಬ್ಬ ಅಜ್ಜಿ ತನ್ನ ಕೌದಿ ಮುಟ್ಟಿ ನೋಡಿ, "ಏನೂ ತೋಯ್ದಿಲ್ಲಲ್ಲೋ" ಅಂದಳು. "ದಾರ್ಯಾಗ ಮಳಿ ಕಡಿಮಿ ಇತ್ತಬೇ ಆಯಿ" ಎಂದು ಅಣ್ಣ ಅದಕ್ಕೂ ಉತ್ತರ ಕೊಟ್ಟ. ನನ್ನ ತಾಡಪತ್ರಿ ಸೋರುತ್ತದೆಂದು ಆ ಇಡೀ ದಾರಿಗೆ ಹೆಸರಾಯಿತು. ನಾನು ತುಟಿ ಬಿಚ್ಚುವ ಹಾಗಿರಲಿಲ್ಲ.

ಅವನು ಬೈಯುತ್ತಾನೆಂದು ಕಾದೆ. ಅಥಣಿ ಮುಟ್ಟುವವರೆಗೂ ಕಾದೆ, ಊರಿಗೆ ಬಂದ ಮೇಲೂ ಕಾದೆ. ಬೈದಿದ್ದರೆ ಅವನನ್ನು ನೆಮ್ಮದಿಯಿಂದ ದ್ವೇಷಿಸುತ್ತಿದ್ದೆ. ಅವನು ಎಂದಿನಂತೆ ಓಣಿಯಲ್ಲಿ ಕಂಡು, "ಚಾ ಆತೇನೋ" ಎಂದು ಕೇಳಿ ಮುಂದೆ ಹೋಗುತ್ತಿದ್ದ. ಒಂದು ದಿನ ಮನೆಯ ಹಿಂದೆ ಕೂತು ದ್ರಾಕ್ಷಿ ಬಳ್ಳಿ ಸವರುವ ಚಾಟಣಿ ಕತ್ತರಿಯಿಂದ ನಾಲ್ಕೂ ಮೂಲೆ ಬಿಚ್ಚಿ ತೊಗಲಿನ ತುಂಡುಗಳನ್ನು ತೆಗೆದೆ. ಹೆಂಡತಿ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಜೀವಮಾನದಲ್ಲಿ ಮೊದಲ ಸಲ ಅವಳು ನನಗೆ ಏನೂ ಅನ್ನದೆ ಒಳಗೆ ಹೋದಳು.

ಆ ವರ್ಷ ಮಾಘದಲ್ಲಿ ಮುಗಳಖೋಡದಲ್ಲಿ ನಮ್ಮವರ ಒಂದು ಮದುವೆ. ಹಗಲೂಟಕ್ಕೆ ಹೋಳಿಗೆ. ಅಣ್ಣ ನನ್ನ ಎದುರಿನ ಪಂಕ್ತಿಯಲ್ಲಿ ಕೂತಿದ್ದ. ಬಡಿಸುವವರು ಹೋಳಿಗೆ ತಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದ. ಆಮೇಲೆ ಬಂದ ಪಾಯಸಕ್ಕೂ ಹಾಗೇ. ಕಬ್ಬು ಬೆಳೆಯುವವನು, ಗಾಣದ ಕಡೆ ಹೋದರೆ ಬಿಸಿ ಬೆಲ್ಲ ಅಂಗೈಯಲ್ಲಿ ಹಿಡಿದು ತಿನ್ನುತ್ತಿದ್ದವನು. ಅವನ ಹೆಂಡತಿ ಬಡಿಸುತ್ತ ನನ್ನ ಮುಂದೆ ಬಂದಳು.

"ಯಾಕ ವೈನಿ, ಅಣ್ಣಾಗ ಸಕ್ಕರಿ ಬ್ಯಾನಿ ಏನರ?"

"ಬ್ಯಾನಿ ಏನಿಲ್ಲ. ಹ್ವಾದ ರೋಹಿಣಿ ಮಳ್ಯಾಗ ಒಂದ ಸುಳ್ಳ ಹೇಳೀನಿ ಅಂತ ಮಹಾರಾಜರ ಮುಂದ ಹೋಗಿ ವರ್ಷ ತನಕ ಸಿಹಿ ಬಿಟ್ಟಾರ. ಏನ ಸುಳ್ಳು, ಯಾರಿಗಿ ಹೇಳ್ಯಾರ ಅಂತ ನನಗೂ ಹೇಳಿಲ್ಲ."

ನನ್ನ ಎಲೆಯಲ್ಲಿ ಎರಡನೆಯ ಹೋಳಿಗೆ ಅರ್ಧ ತಿಂದದ್ದಿತ್ತು. ತೊಗಲು ಹಾಕಿಸಿದವನು ನಾನು. ಹಿರಿಯರ ಮುಂದೆ ಇಲ್ಲ ಎಂದವನೂ ನಾನು. ನೇಮ ಹಿಡಿದವನು ಅವನು. ನಾಚಿಕೆಯಾಗಬೇಕಿತ್ತು, ಆಮೇಲೆ ಆಯಿತು ಕೂಡ. ಆದರೆ ಮೊದಲು ಬಂದದ್ದು ಅದಲ್ಲ. ನನ್ನ ತಪ್ಪಿನ ಪ್ರಾಯಶ್ಚಿತ್ತವನ್ನೂ ನನಗಿಂತ ಮೊದಲು ಇವನೇ ಮಾಡಿಬಿಟ್ಟನಲ್ಲ ಎಂದು ಹೊಟ್ಟೆ ಉರಿಯಿತು.

ಎಂಟು ದಿನದೊಳಗೆ ಸಂಘ ಇದ್ದ ಊರು ಹುಡುಕಿಕೊಂಡು ಹೋದೆ. ಹಿರಿಯ ಮಹಾರಾಜರ ಮುಂದೆ ತೊಗಲಿನ ಮಾತು, ಸುಳ್ಳಿನ ಮಾತು ಎಲ್ಲ ಹೇಳಿದೆ. ಎರಡು ವರ್ಷ ಸಿಹಿ ಬಿಡುವ ನೇಮ ಕೊಡಿರಿ ಎಂದು ಕೈಮುಗಿದೆ.

"ಒಂದ ವರ್ಷ ಸಾಕಪಾ" ಅಂದರು ಅವರು.

"ಅಣ್ಣಾಂದು ಒಂದ ವರ್ಷ ಐತ್ರಿ ಮಹಾರಾಜ" ಎಂದು ನನ್ನ ಬಾಯಿಂದ ಬಂದುಹೋಯಿತು.

ಅವರಿಗೆ ಸಿಟ್ಟು ಬರಲಿಲ್ಲ. "ಹಂಗಾದ್ರ ಸಿಹಿ ಇರಲಿ ಬಿಡು. ಅಣ್ಣಾನ ಜೋಡಿ ಈ ಪೈಪೋಟಿ ಬಿಡು" ಅಂದರು.

ನಾನು ಹಟ ಹಿಡಿದು ಎರಡು ವರ್ಷದ ನೇಮ ತೆಗೆದುಕೊಂಡೇ ಬಂದೆ, ಒಂದು ದಿನವೂ ತಪ್ಪದೆ ನಡೆಸಿದೆ. ಅವರು ಬಿಡು ಅಂದದ್ದನ್ನು ಮಾತ್ರ ಇನ್ನೂ ಬಿಡಲಾಗಿಲ್ಲ.