ಸೊಸೆಯ ಹೆಸರಿನ ಸೀಸೆ

ಗಿರಿಜಾ, ನಿನ್ನ ಮಗಳಿಗೆ ಕಿವಿ ಕೇಳದಿರುವುದಕ್ಕೆ ಕಾರಣ ನಾನು. ಗ್ರಹಣದ ದಿನ ನೀನು ಅಂಗಳಕ್ಕೆ ಬಂದದ್ದು ಕಾರಣವಲ್ಲ — ನಾನು. ಇಷ್ಟು ಬರೆಯಲು ನನಗೆ ಒಂಬತ್ತು ವರ್ಷ ಬೇಕಾಯಿತು. ಥೂ, ನನ್ನ ಜನ್ಮಕ್ಕಿಷ್ಟು!

ಶಿಗ್ಗಾಂವದಲ್ಲಿ ಹುಟ್ಟಿ ಬೆಳೆದು ವಿಜ್ಞಾನಿಯಾದವಳು ನಾನು. ದೇಹ ರೋಗವನ್ನು ಹೇಗೆ ನೆನಪಿಟ್ಟು ತಡೆಯುತ್ತದೆ ಎಂದು ನೋಡುವುದೇ ನನ್ನ ಕೆಲಸ. ರುಬೆಲ್ಲಾ ಎಂಬ ಜ್ವರವಿದೆ — ಮೈಮೇಲೆ ಕೆಂಪು ದದ್ದು ಎದ್ದು ಮೂರು ದಿನಕ್ಕೆ ಹೋಗುತ್ತದೆ, ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಬಸುರಿಗೆ ಬಂದರೆ ಮಾತ್ರ ಹೊಟ್ಟೆಯೊಳಗಿನ ಕೂಸಿನ ಕಿವಿ, ಕಣ್ಣು ತಿನ್ನುತ್ತದೆ. ಮೊದಲೇ ಬಂದುಹೋಗಿದ್ದರೆ ರಕ್ತದಲ್ಲಿ ಅದರ ಗುರುತಿರುತ್ತದೆ, ಭಯವಿಲ್ಲ. ಗುರುತಿಲ್ಲದವರಿಗೆ ಬಸುರಾಗುವ ಮುಂಚೆ ಒಂದು ಲಸಿಕೆ ಹಾಕಿದರೆ ಮುಗಿಯಿತು. ಅದಕ್ಕೇ ಹಾನಗಲ್, ಹಿರೇಕೆರೂರು ಕಡೆಯ ಹಳ್ಳಿಗಳಿಂದ ಹೊಸ ಸೊಸೆಯಂದಿರ ರಕ್ತ ತರಿಸಿದೆ. ಮನೆಮನೆಗೆ ಹೋಗಿ ತಂದವಳು ಸವಣೂರಿನ ನರ್ಸ್ ಶಹನಾಜ್.

ಪರೀಕ್ಷೆಯ ಫಲ ನೋಡಿ ಕುಣಿದಾಡಿದೆ. ಇಷ್ಟು ಚಿಕ್ಕ ವಯಸ್ಸಿನವರಲ್ಲಿ ಯಾರೂ ಎಣಿಸದಷ್ಟು ರಕ್ಷಣೆ! ಸಂಶೋಧನಾ ಪ್ರಬಂಧ ಬರೆದಾಗಿತ್ತು, ವಿಜ್ಞಾನ ಪತ್ರಿಕೆಗೆ ಕಳಿಸುವುದಷ್ಟೇ ಬಾಕಿ. ಆಗ ಶಹನಾಜ್ ಬಂದು ಬಾಗಿಲಲ್ಲೇ ನಿಂತಳು.

“ಮೇಡಂ, ಒಂದ ತಪ್ಪಾಗೇತ್ರಿ, ಹೊಟ್ಟ್ಯಾಗ ಇಟ್ಕೊಳ್ಳಾಕ ಆಗವಲ್ದು. ಕೆಲವು ಮನ್ಯಾಗ ಸೊಸಿ ರಕ್ತ ತಗ್ಯಾಕ ಬಿಡಲಿಲ್ರಿ. ‘ಲಗ್ನಾಗಿ ವರ್ಷ ತುಂಬಿಲ್ಲ, ಬಂದ ಹುಡುಗಿ ರಕ್ತ ಹಿಂಡಿದ್ರು ಅಂತ ತವರಿನವ್ರು ಅಂದಾರು, ಬೇಕಾದ್ರ ನಂದ ತಗೋ’ ಅಂತ ಅತ್ತ್ಯಾರು ತಾವ ತೋಳ ಚಾಚಿದ್ರು. ಬರಿಗೈಲೆ ಬಂದ್ರ ನೀವು ಬೈತೀರಂತ ನಾನೂ ತಗೊಂಡೆ. ಸೀಸೆ ಮ್ಯಾಲ ಸೊಸಿ ಹೆಸರ ಬರದೆ.”

“ಎಷ್ಟ ಮನಿ?”

“ಅಷ್ಟ ನೆನಪಿಲ್ರಿ. ಅಬಲೂರಿನ ರುದ್ರವ್ವಾರ ಮನಿ ನೆನಪೈತಿ.”

ರುದ್ರವ್ವ ನಿನ್ನ ಅತ್ತೆ. ನಿನ್ನ ಹೆಸರಿನ ಸೀಸೆಯಲ್ಲಿದ್ದದ್ದು ಆಕೆಯ ರಕ್ತ. ಎಂದೋ ಎಳವೆಯಲ್ಲಿ ಆ ಜ್ವರ ಆಕೆಗೆ ಬಂದುಹೋಗಿತ್ತು, ಗುರುತು ಇರದೆ ಏನಾದೀತು?

ಆಗಲೇ ಹೊರಡಬೇಕಿತ್ತು. ಎಲ್ಲ ಹಳ್ಳಿಗೂ ಬೇಡ, ಅಬಲೂರಿಗಾದರೂ... ಒಂದು ದಿನದ ಕೆಲಸ. ಆದರೆ ಪ್ರಬಂಧ ಮೇಜಿನ ಮೇಲೆ ಸಿದ್ಧವಾಗಿತ್ತು, ಅದರ ಮೇಲೆ ನನ್ನ ಹೆಸರಿತ್ತು. “ಆತು ಬಿಡು, ಯಾರ ಮುಂದೂ ಬಾಯಿ ಬಿಡಬ್ಯಾಡ” ಅಂದೆ. ಕೆಲಸ ಹೋದೀತೆಂದು ಅವಳು ಹೆದರಿದ್ದು ನನಗೆ ಕಾಣುತ್ತಿತ್ತು. ಆ ಹೆದರಿಕೆಯನ್ನೇ ಬಳಸಿಕೊಂಡೆ.

ಪಟ್ಟಿಯ ಪ್ರಕಾರ ನಿನಗೆ ಲಸಿಕೆ ಬೇಕಿರಲಿಲ್ಲ, ಹಾಕಲಿಲ್ಲ. ಮರುವರ್ಷ ನೀನು ಎರಡು ತಿಂಗಳ ಬಸುರಿ. ಮೈಮೇಲೆ ದದ್ದು ಎದ್ದವು.

ಇತ್ತ ಪ್ರಬಂಧ ಅಚ್ಚಾಯಿತು. ಎಲ್ಲೆಲ್ಲಿಯೋ ಇರುವ ವಿಜ್ಞಾನಿಗಳು ಅದನ್ನೇ ಆಧಾರವಾಗಿಟ್ಟುಕೊಂಡು ಬರೆದರು. ಬಡ್ತಿ ಬಂತು. ನಮ್ಮೂರ ಕಾಲೇಜಿನಲ್ಲಿ ಶಾಲು ಹೊದಿಸಿ “ನಮ್ಮ ಮನಿ ಮಗಳು” ಅಂದರು, ನಾನೂ ನಾಚಿಕೆಯಿಲ್ಲದೆ ಹೊದಿಸಿಕೊಂಡೆ.

ನೀನು ನನ್ನನ್ನು ಕಂಡದ್ದು ಒಂದೇ ಸಲ, ಹಿರೇಕೆರೂರಿನ ಕಿವಿ ತಪಾಸಣೆಯ ಶಿಬಿರದಲ್ಲಿ. ನಾನು ಅತಿಥಿ. ರುದ್ರವ್ವ ಕೂಸನ್ನು ಎತ್ತಿಕೊಂಡು ನೇರ ನನ್ನ ಬಳಿ ಬಂದರು.

“ಈಕಿ ಸಣ್ಣಾಕಿ ಅಂತ ನಿಮ್ಮ ನರ್ಸಬಾಯಿಗೆ ನಾನ ಕೈ ಕೊಟ್ಟಿದ್ನಿರಿ. ರಕ್ತ ಚಲೋ ಐತಿ ಅಂತ ಹೇಳಿ ಕಳಿಸಿದ್ರಿ. ಮತ್ತ ಕೂಸಿಗೆ ಹಿಂಗ್ಯಾಕಾತ್ರಿ? ಬ್ಯಾಡ ಅಂದ್ರೂ ಈಕಿ ಗ್ರಹಣದಾಗ ಹೊರಗ ಬಂದಿದ್ಲು, ಅದಕ್ಕ ಹೌದಲ್ರಿ?”

ನೀನು ತಲೆ ತಗ್ಗಿಸಿ ಕೂತಿದ್ದೆ. ಅಲ್ಲ ಎಂದು ಹೇಳಬಲ್ಲವಳು ಅಲ್ಲಿ ನಾನೊಬ್ಬಳೇ. ನಾನೇನಂದೆ ಗೊತ್ತಲ್ಲ?

“ದೇವರ ಇಚ್ಛಾ ಇರಬೇಕ್ರಿ.”

ಜೀವನವಿಡೀ ಕಾರಣ ಹುಡುಕಿದವಳು, ಕಾರಣ ಕೈಯಲ್ಲಿದ್ದಾಗ ದೇವರ ತಲೆಗೆ ಕಟ್ಟಿದೆ. ಅಂದಿನಿಂದ ನಿನ್ನ ಮನೆಯಲ್ಲಿ ನೀನು ಏನೇನು ಕೇಳಿಸಿಕೊಂಡೆಯೋ...

ಹೋದ ವರ್ಷ ಪ್ರಬಂಧ ಹಿಂತೆಗೆಯಿರಿ ಎಂದು ಪತ್ರಿಕೆಗೆ ಬರೆದೆ. ಯಾವ ಯಾವ ಸೀಸೆ ತಪ್ಪು, ಪುರಾವೆ ಕೊಡಿ ಅಂದರು. ಸೀಸೆಗಳನ್ನು ಎಸೆದು ಎಷ್ಟು ಕಾಲವಾಯಿತೋ. ಶಹನಾಜಳಿಗೆ ನಿಮ್ಮ ಮನೆಯೊಂದೇ ನೆನಪು. ಮತ್ತೆ ಮತ್ತೆ ಬರೆದೆ, ಪರಿಶೀಲಿಸುತ್ತೇವೆ ಎಂಬ ಅದೇ ಉತ್ತರ. ಈ ಹೊತ್ತಿಗೂ ಯಾರೋ ಅದನ್ನು ನಂಬಿ, ಇಂಥ ಹಳ್ಳಿಯ ಹುಡುಗಿಯರಿಗೆ ಲಸಿಕೆ ಅಗತ್ಯವಿಲ್ಲ ಎಂದು ಬರೆಯುತ್ತಿದ್ದಾರೆ. ನಾನೇ ಬರೆದದ್ದು, ನನ್ನಿಂದಲೇ ಅಳಿಸಲಾಗುತ್ತಿಲ್ಲ.

ಇದನ್ನು ರುದ್ರವ್ವನವರ ಮುಂದೆ ಓದಬೇಡ, ತಮ್ಮ ಅಕ್ಕರೆಯೇ ಮೊಮ್ಮಗಳಿಗೆ ಮುಳುವಾಯಿತೆಂದು ಎದೆ ಒಡೆದುಕೊಂಡಾರು — ಎಂದು ಬರೆದಿದ್ದೆ. ಹೊಡೆದುಹಾಕಿದೆ. ಇನ್ನೊಬ್ಬರ ಬಾಯಿ ಮುಚ್ಚಿಸಿದ್ದು ಸಾಕು. ಅವರು ಕೈ ಕೊಟ್ಟದ್ದು ತಪ್ಪಲ್ಲ, ತಿಳಿದೂ ನಾನು ಸುಮ್ಮನಿದ್ದದ್ದು ತಪ್ಪು. ಬರುವ ಸೋಮವಾರ ಅಬಲೂರಿಗೆ ಬರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಬಾಗಿಲು ತೆರೆಯದಿದ್ದರೆ ಹೊರಗೆ ಕಟ್ಟೆಯ ಮೇಲೆ ನಿಂತು, ಓಣಿಯವರಿಗೆಲ್ಲ ಕೇಳುವಂತೆ ಹೇಳುತ್ತೇನೆ. ಎಲ್ಲರಿಗೂ ಕೇಳಿಸೀತು. ನಿನ್ನ ಮಗಳೊಬ್ಬಳಿಗೆ ಕೇಳಿಸುವುದಿಲ್ಲ.