ತೆರೆದಿಟ್ಟ ನಲ್ಲಿಗಳ ಬೀದಿ

ನಮ್ಮ ಬೀದಿಗೆ ನೀರು ಬಿಡುತ್ತಿದ್ದವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತುಹೋಗಿತ್ತೋ ಏನೋ. ಎಲ್ಲರ ಬಾಯಲ್ಲೂ ಅವನು ನೀರಣ್ಣ. ಮಕ್ಕಳಿಗೂ ನೀರಣ್ಣ, ಅವನಿಗಿಂತ ವಯಸ್ಸಿನಲ್ಲಿ ಹಿರಿಯರಾದ ಮೇಷ್ಟ್ರಿಗೂ ನೀರಣ್ಣ. ಏರಿನ ಮೇಲಿರುವ ನಮ್ಮ ಬೀದಿಗೆ ಟ್ಯಾಂಕಿನಿಂದ ಬರುವುದು ಒಂದೇ ಪೈಪು. ಏರು ಶುರುವಾಗುವ ಕಡೆ, ರಸ್ತೆಯೊಳಗಿನ ಗುಂಡಿಯಲ್ಲಿ, ಆ ಪೈಪಿನ ವಾಲ್ವು. ನೀರಣ್ಣ ಆಳುದ್ದದ ಕಬ್ಬಿಣದ ಕೀಲಿಯನ್ನು ಗುಂಡಿಗೆ ಇಳಿಸಿ, ಮೈಭಾರವನ್ನೆಲ್ಲ ಬಿಟ್ಟು ತಿರುಗಿಸಿದರೆ ನಮಗೆ ನೀರುಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಅವನನ್ನು ಬೈಯದವರು ಬೀದಿಯಲ್ಲಿ ಒಬ್ಬರೂ ಇರಲಿಲ್ಲ, ಅವನ ದಾರಿ ಕಾಯದವರೂ ಇರಲಿಲ್ಲ.

ನಾನು ಅವನ ಎದುರು ಮನೆಯವಳು. ಬಟ್ಟೆ ಹೊಲಿಯುತ್ತೇನೆ. ನನ್ನ ನಾಲಿಗೆ ಕತ್ತರಿಗಿಂತ ಹರಿತ ಅಂತ ಬೀದಿಯಲ್ಲಿ ಒಂದು ಮಾತಿದೆ, ಇರಲಿ. ಹೊಲಿಗೆ ಮಿಷನ್ನು ಕಿಟಕಿಯ ಪಕ್ಕದಲ್ಲಿರುವುದರಿಂದ ನೀರಣ್ಣ ಮನೆಯಿಂದ ಹೊರಡುವುದು, ಬರುವುದು, ಹೆಂಡತಿಯ ಜೊತೆ ಮುನಿಸಿಕೊಂಡು ಮೆಟ್ಟಿಲ ಮೇಲೆ ಕೂರುವುದು ಎಲ್ಲ ನನ್ನ ಕಣ್ಣೆದುರೇ ನಡೆಯುತ್ತಿತ್ತು.

ಅವನ ಮನೆ ಬೀದಿಯ ತುತ್ತತುದಿಯಲ್ಲಿತ್ತು. ಕೆಳಗಿನವರು ತುಂಬಿಸಿಕೊಂಡು, ಮಧ್ಯದವರು ತುಂಬಿಸಿಕೊಂಡು, ಉಳಿದದ್ದು ಅವನ ಮನೆಗೆ. ‘ಊರಿಗೆಲ್ಲ ನೀರು ಬಿಡೋನ ಮನೇಲಿ ಮುಖ ತೊಳೆಯೋಕೆ ನೀರಿಲ್ಲ’ ಎಂದು ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ. ಅತ್ತಿಗೆ ಮಾತ್ರ ನಗುತ್ತಿರಲಿಲ್ಲ. ಅವಳನ್ನು ನಾನು ಅತ್ತಿಗೆ ಎಂದೇ ಕರೆಯುತ್ತಿದ್ದೆ. ಅವಳಿಗೆ ಉಬ್ಬಸ. ನಾಲ್ಕು ಹೆಜ್ಜೆ ಏರು ಹತ್ತಿದರೆ ಗೋಡೆ ಹಿಡಿದು ನಿಲ್ಲಬೇಕು, ಕೊಡ ಹೊತ್ತರಂತೂ ಮುಗಿದೇ ಹೋಯಿತು. ಕೊನೆಗೆ ಬರುವ ಆ ಸಣ್ಣ ಧಾರೆಯೇ ಅವಳ ಪಾಲಿನ ಜೀವ.

ಟ್ಯಾಂಕು ಯಾವಾಗ ತುಂಬುತ್ತದೆ, ಯಾವಾಗ ಕರೆಂಟು ಕೈಕೊಡುತ್ತದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಎಷ್ಟು ಗಂಟೆಗೆ ಬಿಡುತ್ತೀಯ ಎಂದು ಕೇಳಿ ಕೇಳಿ ಜನ ನೀರಣ್ಣನ ತಲೆ ತಿಂದಿದ್ದರು. ಅದಕ್ಕೆ ಅವನೇ ಒಂದು ಉಪಾಯ ಹೇಳಿಕೊಟ್ಟಿದ್ದ.

‘ನಲ್ಲಿ ಪೂರ್ತಿ ತಿರುಗಿಸಿಟ್ಟು ಕೆಳಗೊಂದು ಖಾಲಿ ಕೊಡ ಇಡಿ. ನಾನು ಬಿಟ್ಟಾಗ ಕೊಡಾನೇ ನಿಮ್ಮನ್ನ ಕರೆಯುತ್ತೆ.’

ಅವತ್ತಿನಿಂದ ನಮ್ಮ ಬೀದಿಯಲ್ಲಿ ನಲ್ಲಿ ಮುಚ್ಚುವ ಪದ್ಧತಿಯೇ ಇಲ್ಲವಾಯಿತು. ಮನೆಗೆ ಬಂದ ಹೊಸ ಸೊಸೆ ಹೊರಗಿನವಳಾದ್ದರಿಂದ ಕೈ ತೊಳೆಯಲು ಹೋಗಿ ಅಭ್ಯಾಸಬಲದಿಂದ ನಲ್ಲಿ ಮುಚ್ಚಿದಳೆಂದರೆ, ಅತ್ತೆಯಿಂದ ಮೊದಲ ಬೈಗುಳ ಅದಕ್ಕೇ. ನನಗೂ ಹಾಗೇ ಆಗಿತ್ತು. ಮುಚ್ಚಿದ ನಲ್ಲಿ ಕಂಡರೆ ನಮ್ಮತ್ತೆಗೆ ಎದೆ ಧಸಕ್ಕೆನ್ನುತ್ತಿತ್ತು.

ಆಮೇಲೆ ಹೊಸ ಯಂತ್ರ ಬಂತು. ವಾಲ್ವಿನ ಗುಂಡಿಯೊಳಗೆ ಮೋಟಾರು ಕೂರಿಸಿದರು. ನೀರಣ್ಣನ ಮನೆಯೇ ಕೊನೆಯದಾದ್ದರಿಂದ ಅವನ ಗೋಡೆಗೆ, ಪೈಪಿನ ತುದಿಯಲ್ಲಿ, ಒತ್ತಡ ಅಳೆಯುವ ಒಂದು ಪೆಟ್ಟಿಗೆ ಹಾಕಿದರು. ಪೆಟ್ಟಿಗೆ ಅಂಕಿ ಕಳಿಸುತ್ತದೆ, ಮೋಟಾರು ಅದನ್ನು ನೋಡಿಕೊಂಡು ವಾಲ್ವನ್ನು ತಾನೇ ಹೆಚ್ಚು ಕಡಿಮೆ ಮಾಡುತ್ತದೆ. ಇನ್ನು ದಿನವಿಡೀ ನೀರು ಎಂದರು. ನೀರಣ್ಣನ ಕೀಲಿ ಉಗ್ರಾಣ ಸೇರಿತು. ಅವನಿಗೆ ಟ್ಯಾಂಕಿನ ಆಫೀಸಿನಲ್ಲಿ, ಪರದೆಯ ಮುಂದೆ, ಒಂದು ಕುರ್ಚಿ ಕೊಟ್ಟರು.

‘ಇನ್ಮೇಲೆ ಕೂತಲ್ಲೇ ನೀರು ಬಿಡೋನು ನಾನು’ ಎಂದು ಅವನು ಬೀಗಿದ.

‘ಕೂತು ಕೂತು ಹೊಟ್ಟೆ ಬರುತ್ತೆ, ಅಂಗಿ ಹೊಲಿಯೋಕೆ ನನ್ನ ಹತ್ರಾನೇ ಬರ್ಬೇಕು’ ಎಂದೆ.

ಕೆಳಗಿನ ಬೀದಿಗಳಿಗೆ ನಿಜವಾಗಿಯೂ ದಿನವಿಡೀ ನೀರು ಬಂತು. ನಮಗೆ ಮಾತ್ರ ಇದ್ದ ನೀರೂ ಹೋಯಿತು. ಬೆಳಿಗ್ಗೆ ಕೊಡ ಸದ್ದು ಮಾಡುತ್ತದೆ, ಎಲ್ಲರೂ ಎದ್ದುಬಿದ್ದು ಓಡುತ್ತಾರೆ, ಕೆಳಗಿನ ಮನೆಗಳಿಗೆ ಒಂದೆರಡು ಬಕೆಟ್ಟು, ನಮಗೆ ಚೊಂಬು, ನೀರಣ್ಣನ ಮನೆಗೆ ಬರೀ ಗಾಳಿ. ಅಷ್ಟರಲ್ಲಿ ವಾಲ್ವು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಮರುದಿನವೂ ಅದೇ ಪಾಡು. ಜನ ಯಂತ್ರವನ್ನು ಬೈಯುತ್ತಾರೆಯೇ? ಅದಕ್ಕೆ ಕಿವಿಯಿಲ್ಲ. ಆಫೀಸಿನಿಂದ ಮನೆಗೆ ಬರುವ ನೀರಣ್ಣನನ್ನು ಬೈಯುತ್ತಿದ್ದರು. ಅವನು ಛತ್ರಿಯನ್ನು ಅಡ್ಡ ಹಿಡಿದುಕೊಂಡು, ಮಳೆಯಿಲ್ಲದ ದಿನವೂ, ಮುಖ ಮರೆಸಿಕೊಂಡು ಏರು ಹತ್ತುತ್ತಿದ್ದ. ಅತ್ತಿಗೆ ಕೆಳಗಿನ ಬೀದಿಯಿಂದ ಒಂದು ಸಣ್ಣ ಕ್ಯಾನಿನಲ್ಲಿ ನೀರು ತರಲು ಹೋಗಿ, ತಿರುವಿನಲ್ಲಿ ಕುಸಿದು ಕೂತಳು. ಅವಳನ್ನು ಎತ್ತಿಕೊಂಡು ಬಂದವಳು ನಾನು. ಅವಳ ಎದೆಯಿಂದ ಬರುತ್ತಿದ್ದ ಸೀಟಿಯಂಥ ಸದ್ದು ಬೀದಿಗೆಲ್ಲ ಕೇಳುತ್ತಿತ್ತು.

ಮಾರನೆಯ ವಾರ ಎಂಜಿನಿಯರು ಬಂದಳು. ನಮ್ಮ ಹುಡುಗಿಯರ ವಯಸ್ಸು, ಆದರೆ ದುಡುಕು ಸ್ವಭಾವದವಳಲ್ಲ. ಬೆಳಗಿನಿಂದಲೂ ಮನೆಮನೆ ಹೊಕ್ಕು ಬಚ್ಚಲು ನೋಡಿ, ಕೊನೆಗೆ ನೀರಣ್ಣನ ಮನೆಯ ಹೊಸಿಲಲ್ಲಿ ಕೂತಳು.

‘ನಿಮ್ಮ ಬೀದೀಲಿ ಯಾರೂ ನಲ್ಲಿ ಮುಚ್ಚೋದಿಲ್ವಾ?’

‘ಮುಚ್ಚಿದ್ರೆ ನೀರು ಬಂದದ್ದು ಹೇಗಮ್ಮ ಗೊತ್ತಾಗೋದು?’ ಎಂದಳು ಅತ್ತಿಗೆ.

‘ಮುಚ್ಚದೆ ಇರೋದಕ್ಕೇ ನೀರು ಬರ್ತಿಲ್ಲ’ ಎಂದು ಅವಳು ವಿವರಿಸಿದಳು. ವಾಲ್ವು ತೆರೆದ ಕೂಡಲೇ ಬೀದಿಯ ನಲ್ಲಿಗಳೆಲ್ಲ ಒಟ್ಟಿಗೆ ನೀರೆಳೆಯುತ್ತವೆ. ನೀರು ರಭಸವಾಗಿ ಹೋಗುತ್ತದೆ, ಆದರೆ ತುದಿಯ ಪೆಟ್ಟಿಗೆಯಲ್ಲಿ ಒತ್ತಡ ಏರುವುದಿಲ್ಲ. ಯಂತ್ರಕ್ಕೆ ಅದು ಪೈಪು ಒಡೆದ ಹಾಗೆ ಕಾಣುತ್ತದೆ. ರಸ್ತೆ ಕೊಚ್ಚಿಹೋಗಬಾರದು, ಟ್ಯಾಂಕು ಬರಿದಾಗಬಾರದು ಎಂದು ಮುಚ್ಚಿಬಿಡುತ್ತದೆ. ‘ಒಂದೇ ಒಂದು ಸಲ ಎಲ್ಲರೂ ಮುಚ್ಚಿದ್ರೆ ಸಾಕು. ಪೈಪು ತುಂಬಿ ಒತ್ತಡ ಏರುತ್ತೆ. ಆಮೇಲೆ ಯಾರು ಯಾವಾಗ ತಿರುಗಿಸಿದ್ರೂ ನೀರಿರುತ್ತೆ.’

ಮನೆಗಳ ಮುಂದಿನ ಸಂಪರ್ಕವನ್ನು ಹೊರಗಿನಿಂದಲೇ ಮುಚ್ಚಬಾರದೇ ಎಂದು ನಾನು ಕೇಳಿದೆ. ಅವೆಲ್ಲ ಜನ ಕಟ್ಟಿಸಿಕೊಂಡ ಮೆಟ್ಟಿಲುಗಳ ಅಡಿಯಲ್ಲಿ ಎಂದೋ ಹೂತುಹೋಗಿದ್ದವು.

ನೀರಣ್ಣ ಎದ್ದು ಬಚ್ಚಲಿಗೆ ಹೋಗಿ ತನ್ನ ಮನೆಯ ನಲ್ಲಿ ಮುಚ್ಚಿ ಬಂದ. ಆಮೇಲೆ, ‘ತಿರುಗಿಸಿಡಿ ಅಂತ ಹೇಳ್ಕೊಟ್ಟೋನು ನಾನೇ ಮೇಡಂ’ ಎಂದ.

ಎಂಜಿನಿಯರು ಅವನನ್ನು ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತೇನೋ. ಮೇಲಿನವರ ಲೆಕ್ಕದಲ್ಲಿ ನಮ್ಮದು ಪೈಪು ಹಾಳಾದ ಬೀದಿ ಎಂದಳು. ಇನ್ನು ಒಂದು ಬೆಳಿಗ್ಗೆ ಮಾತ್ರ ಪರೀಕ್ಷೆಗೆ ಒಪ್ಪಿದ್ದಾರೆ, ಅವತ್ತೂ ಒತ್ತಡ ನಿಲ್ಲದಿದ್ದರೆ ಪೈಪಿನ ಬಾಯಿಗೆ ತಗಡು ಹಾಕಿ ಮುಚ್ಚಿಬಿಡುತ್ತಾರೆ, ಹೊಸ ಪೈಪು ಬರುವ ತನಕ ಟ್ಯಾಂಕರೇ ಗತಿ. ನಮ್ಮ ಏರಿನ ಇಕ್ಕಟ್ಟಿನಲ್ಲಿ ಟ್ಯಾಂಕರು ಹತ್ತುವುದಿಲ್ಲ, ಕೆಳಗಿನ ತಿರುವಿನಲ್ಲೇ ನಿಲ್ಲಬೇಕು. ಅವಳು ಅದನ್ನು ಹೇಳುವಾಗ ನೀರಣ್ಣ ಹೆಂಡತಿಯ ಕಡೆ ನೋಡಿದ.

ಅವತ್ತಿನಿಂದ ಅವನು ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಮನೆಮನೆ ತಿರುಗಿದ. ಅವನ ಬಾಯಿ ಸಾಲದು ಎಂದು ನಾನೂ ಹೋದೆ. ಬೀದಿಯ ಮೊದಲ ಮನೆ ಕ್ಷೌರಿಕನದು. ನೀರು ಮೊದಲು ಬರುವುದು ಅವನಿಗೇ. ಅವನು ಕತ್ತರಿ ಆಡಿಸುತ್ತಲೇ, ಕೂತ ಗಿರಾಕಿಯ ತಲೆಯ ಮೇಲಿನಿಂದ ನಮ್ಮನ್ನು ನೋಡಿದ.

‘ನಾನು ಮುಚ್ತೀನಿ. ಪಕ್ಕದ ಮನೆ ಮೇಷ್ಟ್ರು ಮುಚ್ಚದಿದ್ರೆ? ನನ್ನ ಪಾಲಿನ ನೀರೂ ಅವರಿಗೇ ಹೋಗುತ್ತೆ ಅಷ್ಟೇ.’

‘ಮೇಷ್ಟ್ರು ಮುಚ್ಚೋ ಹಾಗೆ ನಾನು ನೋಡ್ಕೋತೀನಿ’ ಎಂದ ನೀರಣ್ಣ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ‘ನಂದೇನಪ್ಪ ತಕರಾರು? ಆ ಕ್ಷೌರದವನದ್ದು ನೋಡ್ಕೋ.’

ಪ್ರತಿ ಮನೆಯಲ್ಲೂ ಇದೇ ರಾಗ. ತಮ್ಮ ಕೈಯನ್ನು ನಂಬುವವರಿದ್ದರು, ಪಕ್ಕದ ಮನೆಯ ಕೈಯನ್ನು ನಂಬುವವರಿರಲಿಲ್ಲ. ಆದರೂ ಅವನು ಬಿಡಲಿಲ್ಲ. ಕೈ ಮುಗಿದ, ಬೈದ, ಹಳೆಯದನ್ನೆಲ್ಲ ನೆನಪಿಸಿದ. ಮದುವೆ ಮನೆಗೆಂದು ತಡರಾತ್ರಿಯವರೆಗೂ ನೀರು ಬಿಟ್ಟದ್ದು, ಹೆರಿಗೆಯಾದ ಮನೆಗೆ ಎರಡು ಸಲ ಬಿಟ್ಟದ್ದು, ಯಾವುದನ್ನೂ ಬಿಡದೆ ಹೇಳಿದ. ಕೊನೆಗೆ ಎಲ್ಲರೂ ಆಗಲಿ ಎಂದರು. ಅವನ ಮುಖ ನೋಡಿ ಎಂದರು. ನಾನೂ ನಂಬಿಬಿಟ್ಟೆ, ಸುಳ್ಳೇಕೆ ಹೇಳಲಿ.

ಆ ಬೆಳಿಗ್ಗೆ ಬೀದಿ ಹಬೆಯಾಡುವ ಪಾತ್ರೆಗೆ ಮುಚ್ಚಳ ಹಾಕಿದ ಹಾಗಿತ್ತು. ನೀರಣ್ಣ, ಎಂಜಿನಿಯರು, ನಾನು, ಮೂವರೂ ಅವನ ಗೋಡೆಯ ಪೆಟ್ಟಿಗೆಯ ಮುಂದೆ ನಿಂತಿದ್ದೆವು. ಅತ್ತಿಗೆ ಒಳಗೆ ಬಚ್ಚಲಿನಲ್ಲಿ. ಏರುವ ಅಂಕಿ ಹತ್ತನ್ನು ಮುಟ್ಟಿ ಅಲ್ಲೇ ನಿಂತರೆ ಯಂತ್ರ ನಮ್ಮನ್ನು ಒಪ್ಪಿಕೊಳ್ಳುತ್ತದೆ ಎಂದು ಎಂಜಿನಿಯರು ಹೇಳಿದ್ದಳು.

ಫೋನಿನಲ್ಲಿ ಆಫೀಸಿನವರು ವಾಲ್ವು ತೆರೆಯಿತು ಎಂದರು. ಸ್ವಲ್ಪ ಹೊತ್ತಿಗೆ ಪೈಪಿನೊಳಗೆ ಗಾಳಿ ಗೊರಗುಟ್ಟಿತು. ಮುಚ್ಚಿದ ನಲ್ಲಿಗಳ ಸಂದಿನಿಂದ ಗಾಳಿ ಸುಯ್ಯೆನ್ನುವ ಸದ್ದು ಮನೆಯಿಂದ ಮನೆಗೆ ಏರುತ್ತ ಬಂತು. ಅಂಥ ಸದ್ದನ್ನು ನಮ್ಮ ಬೀದಿ ಅದುವರೆಗೆ ಕೇಳಿರಲಿಲ್ಲ. ಪೆಟ್ಟಿಗೆಯಲ್ಲಿ ಎರಡು ಬಂತು, ಮೂರು ಬಂತು. ಐದು ದಾಟಿತು. ನೀರಣ್ಣನ ತುಟಿ ಅಂಕಿಯ ಜೊತೆಗೇ ಅಲುಗುತ್ತಿತ್ತು. ಏಳು ಬಂದಾಗ ಅವನು ನನ್ನ ಕಡೆ ತಿರುಗಿ ನಕ್ಕ. ಅವನ ಮುಖದಲ್ಲಿ ಅಂಥ ನಗು ನೋಡಿ ಎಷ್ಟೋ ಕಾಲವಾಗಿತ್ತು.

ಏಳು ಅಲ್ಲೇ ನಿಂತಿತು. ಆಮೇಲೆ ಆರು.

‘ಯಾರೋ ತಿರುಗಿಸಿದ್ರು’ ಎಂದಳು ಎಂಜಿನಿಯರು.

ಅವನು ಓಡಿದ. ನಾನೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆಯೇ ಓಡಿದೆ. ಕೆಳಗಿನ ಚರಂಡಿಯಲ್ಲಿ ನೀರು ಹರಿಯುತ್ತಿತ್ತು. ಒಂದೊಂದು ಮನೆಯಿಂದಲೂ ಕೊಡಕ್ಕೆ ಧಾರೆ ಬೀಳುವ ಸದ್ದು. ನಾವು ಇಳಿದಂತೆ ನಮ್ಮ ಬೆನ್ನ ಹಿಂದಿನ ಮನೆಗಳೂ ತಿರುಗಿಸಿದವು. ತಿರುಗಿ ನೋಡಿದರೆ ನಮ್ಮ ಮನೆ ಬಾಗಿಲಲ್ಲೂ ಅತ್ತೆ ಎರಡು ಕೈಯಲ್ಲೂ ಬಕೆಟ್ಟು ಹಿಡಿದು ನಿಂತಿದ್ದಳು.

‘ಯಾಕೆ ತಿರುಗಿಸಿದ್ರಿ ಮೇಷ್ಟ್ರೇ?’ ಎಂದು ನೀರಣ್ಣ ಏದುಸಿರು ಬಿಡುತ್ತ ಕೇಳಿದ.

‘ಆ ಕ್ಷೌರದವನ ಮನೇಲಿ ಬಕೆಟ್ ಸದ್ದಾಯ್ತು ಕಣಯ್ಯ. ತುಂಬಿಸ್ಕೋತಿದ್ದಾನೆ ಅಂತ...’

ಕ್ಷೌರಿಕ ಬಾಗಿಲಿಗೆ ಬಂದ. ‘ನಾನು ಸರಿಸಿದೆ ಅಷ್ಟೇ. ಖಾಲಿ ಬಕೆಟ್ಟು. ಮೇಷ್ಟ್ರ ಮನೇಲಿ ನೀರಿನ ಸದ್ದು ಕೇಳಿದ ಮೇಲೇನೇ ನಾನೂ ತಿರುಗಿಸಿದ್ದು.’

ಬೈಯಬೇಕೆಂದು ನಾನು ಬಾಯಿ ತೆರೆದೆ. ಯಾರನ್ನು ಬೈಯುವುದು? ಖಾಲಿ ಬಕೆಟ್ಟು ನೆಲಕ್ಕೆ ಉಜ್ಜಿದ್ದಕ್ಕೆ ಒಂದು ಬೀದಿಯ ನೀರು ಹೋಯಿತು. ಎಲ್ಲರ ಎದುರಿಗೇ ಧಾರೆ ಸಣ್ಣದಾಯಿತು, ಹನಿಯಾಯಿತು, ನಿಂತಿತು. ಯಂತ್ರ ತನ್ನ ಕೆಲಸ ಮಾಡಿತ್ತು. ಮೇಷ್ಟ್ರು ತುಂಬಿದ ಕೊಡವನ್ನು ಕಾಲಿನಿಂದ ಮೆಲ್ಲಗೆ ಬಾಗಿಲ ಮರೆಗೆ ಸರಿಸಿದರು.

ನಾವು ಏರು ಹತ್ತಿ ಬಂದೆವು. ಎಂಜಿನಿಯರು ಪೆಟ್ಟಿಗೆಯ ಮುಂದೆ ಹಾಗೇ ನಿಂತಿದ್ದಳು. ಇನ್ನೊಂದು ಬೆಳಿಗ್ಗೆ ಕೊಡಿ ಎಂದು ಮೇಲಿನವರನ್ನು ಕೇಳಿ ನೋಡಿದೆ, ಒಪ್ಪಲಿಲ್ಲ ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನಾಳೆ ತಗಡು ಹಾಕುವವರ ಜೊತೆ ಗುಂಡಿ ತೋರಿಸಲು ನೀವೇ ಬರಬೇಕಾಗುತ್ತದೆ ಎಂದು ಅವನಿಗೆ ಹೇಳುವುದಿತ್ತು, ಅದನ್ನೂ ಹೇಳಿದಳು. ಅವನು ಆಗಲಿ ಎಂದ.

ಒಳಗೆ ಬಚ್ಚಲಿನಲ್ಲಿ ಅತ್ತಿಗೆ ನೆಲದ ಮೇಲೆ ಕೂತಿದ್ದಳು. ಎರಡು ಕೈಯಿಂದಲೂ ನಲ್ಲಿಯನ್ನು ಬಿಗಿಯಾಗಿ ಹಿಡಿದಿದ್ದಳು, ಅದು ತಾನಾಗಿ ತಿರುಗಿಬಿಡುತ್ತದೆ ಎಂಬಂತೆ. ಅವಳ ಪಕ್ಕದಲ್ಲಿದ್ದ ಕೊಡ, ಬಕೆಟ್ಟು, ಚೊಂಬು ಎಲ್ಲವೂ ಒಣಗಿದ್ದವು.

‘ಹತ್ತು ಬಂತೇನ್ರೀ?’ ಎಂದಳು. ‘ಇದರೊಳಗೆ ನೀರು ಬಂದು ನಿಂತಿತ್ತು, ಕೈಗೆ ತಣ್ಣಗೆ ಗೊತ್ತಾಗ್ತಿತ್ತು. ಬೀದಿಯವರೆಲ್ಲ ಹಿಡ್ಕೋತಿರೋ ಸದ್ದೂ ಕೇಳಿಸ್ತು. ನಾನು ಮಾತ್ರ ತಿರುಗಿಸ್ಲಿಲ್ಲ, ನೋಡಿ.’

ಅವನು ಅವಳ ಪಕ್ಕದಲ್ಲಿ ಕೂತ. ಅವಳ ಬೆರಳುಗಳನ್ನು ಒಂದೊಂದಾಗಿ ನಲ್ಲಿಯಿಂದ ಬಿಡಿಸಿದ. ಮನೆಮನೆ ತಿರುಗಿ ಮುಚ್ಚಿ, ಮುಚ್ಚಿ ಎಂದು ಕೈ ಮುಗಿದಿದ್ದ ಅದೇ ಮನುಷ್ಯ, ಈಗ ನಾನು ಬಾಗಿಲಲ್ಲಿದ್ದೇನೆ ಎನ್ನುವುದನ್ನೂ ಮರೆತು ಹೆಂಡತಿಗೆ ಹೇಳಿದ.

‘ನೀನೂ ತಿರುಗಿಸ್ಬೇಕಾಗಿತ್ತು ಕಣೇ. ಒಂದು ಕೊಡನಾದ್ರೂ ಸಿಕ್ಕಿರೋದು.’